ಗಟ್ಟಿ ನೆಲಕ್ಕೆ ತೂತು, ತೂತಿಗೆ ಗೊಬ್ಬರ

ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಗಳಲ್ಲಿ ಹುಲ್ಲುಹಾಸು ಮೊದಲು ಕೆಡುವುದು ಕಾರು ತಿರುಗಿಸಿ ನಿಲ್ಲಿಸುವ ಜಾಗದಲ್ಲಿ. ಎರಡನೆಯದು, ಕ್ಯಾಂಪ್‌ಫೈರ್ ಸುತ್ತ ಕುರ್ಚಿ ಹಾಕುವ ಕಡೆ. ಅಲ್ಲಿಗೆ ಎಷ್ಟು ಗೊಬ್ಬರ ಎರಚಿದರೂ ಮಳೆಗಾಲದಲ್ಲಿ ಪಾಚಿ, ಬೇಸಿಗೆಯಲ್ಲಿ ಬೋಳು. ಬೇರಿಗೆ ಉಸಿರು ಕಟ್ಟಿರುವಾಗ ಊಟ ಬಡಿಸಿದರೆ ಉಣ್ಣುವವರು ಯಾರು? ಮೊದಲು ಗಟ್ಟಿ ನೆಲಕ್ಕೆ ತೂತು ಹೊಡೆದು, ಆಮೇಲೆ ಗೊಬ್ಬರ ಎರಚುವುದೇ ಇದಕ್ಕೆ ಉಪಚಾರ.

ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸಂದುಗಳೇ ಇರುತ್ತವೆ. ಸಣ್ಣ ಸಂದುಗಳಲ್ಲಿ ನೀರು ನಿಲ್ಲುತ್ತದೆ, ದೊಡ್ಡವುಗಳಲ್ಲಿ ಗಾಳಿ ಓಡಾಡುತ್ತದೆ. ಭಾರ ಬಿದ್ದಾಗ ಮೊದಲು ಕುಸಿಯುವುದು ಈ ದೊಡ್ಡ ಸಂದುಗಳು. ಆಮೇಲೆ ಮಳೆ ಬಂದರೆ ಉಳಿದ ಜಾಗವನ್ನೆಲ್ಲ ನೀರು ಹಿಡಿದುಕೊಳ್ಳುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹಾಗಾಗಿ ಜುಲೈ ತಿಂಗಳಲ್ಲಿ ಹಸಿರಾಗಿ ಕಾಣುವ ಹುಲ್ಲಿನ ಬೇರು ಎರಡಿಂಚು ಕೆಳಗೆ ಕೊಳೆಯುತ್ತಿರಬಹುದು. ಇನ್ನು ಭಾರದ ಲೆಕ್ಕ. ಟೈರು ನೆಲದ ಮೇಲೆ ಹಾಕುವ ಒತ್ತಡ ಅಂದಾಜಿಗೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. ಕಾರಿನದು 30ರಿಂದ 33 ಪಿಎಸ್‌ಐ, ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ, ಅಂದರೆ ರೈಡಿಂಗ್ ಮೋವರಿನ, ಅಗಲ ಟೈರಿನದು 10ರಿಂದ 14. ಮಳೆ ನಿಂತ ಸಂಜೆ ಹುಲ್ಲಿನ ಮೇಲೆ ಕಾರು ನಿಲ್ಲಿಸಲು ಬಿಟ್ಟವರು ಮೋವರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಅರ್ಧ ಎಕರೆಗಿಂತ ದೊಡ್ಡ ಹುಲ್ಲುಹಾಸು, ಶಾಲಾ ಮೈದಾನ, ಎಸ್ಟೇಟ್ ಬಂಗಲೆಯ ಅಂಗಳ ಇರುವ ಕಡೆ ಕೂತು ಓಡಿಸುವ ಮೋವರ್ ಈಗಾಗಲೇ ಇದ್ದರೆ, ಅದರ ಹಿಂದೆ ಎರಡು ಸಾಮಾನು ಕಟ್ಟಿ ಈ ಉಪಚಾರ ಮಾಡಬಹುದು. ತೂತು ಹೊಡೆಯುವ ಏರೇಟರ್ ಒಂದು, ಗೊಬ್ಬರ ಎರಚುವ ಸ್ಪ್ರೆಡರ್ ಇನ್ನೊಂದು. ನಾಲ್ಕೈದು ಗುಂಟೆಯ ಜಾಗಕ್ಕೆ ಇವೆರಡೂ ದಂಡ. ತೋಟದಲ್ಲಿ ವರ್ಷವಿಡೀ ಗೊಬ್ಬರ ಹಾಕಿ ಕೈ ಪಳಗಿದ ಆಳು ಬೇಸಿನ್ ಹಿಡಿದು ಎರಚಿದರೆ, ಅಳತೆ ಮಾಡದ ಯಂತ್ರಕ್ಕಿಂತ ಸಮನಾಗಿ ಬೀಳುತ್ತದೆ.

ಏರೇಟರಿನಲ್ಲಿ ಎರಡು ಜಾತಿ. ಒಂದರಲ್ಲಿ ಚೂಪು ಮೊಳೆಗಳಿರುತ್ತವೆ. ಅಗ್ಗ, ಹಗುರ. ಆದರೆ ಮೊಳೆ ಇಳಿದಾಗ ಮಣ್ಣು ಎಲ್ಲಿಗೆ ಹೋಗಬೇಕು? ಪಕ್ಕಕ್ಕೇ ಒತ್ತಿಕೊಳ್ಳುತ್ತದೆ. ತೂತಿನ ಗೋಡೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಜೇಡಿಯ ಅಂಶ ಇರುವ ನಮ್ಮ ಕೆಂಪು ಮಣ್ಣಿಗಂತೂ ಅದು ಬೇಡ. ಇನ್ನೊಂದರಲ್ಲಿ ಮೊಳೆಯ ಬದಲು ಟೊಳ್ಳು ಚಮಚದಂಥ ಹಲ್ಲುಗಳು. ಅವು ಅರ್ಧದಿಂದ ಮುಕ್ಕಾಲು ಇಂಚು ದಪ್ಪದ ಮಣ್ಣಿನ ಬೆಣೆಯನ್ನು ಕಿತ್ತು ಹುಲ್ಲಿನ ಮೇಲೆ ಉದುರಿಸುತ್ತವೆ. ಮಣ್ಣು ಹೊರಗೆ ಬರುವುದರಿಂದ ಸುತ್ತಲಿನದಕ್ಕೆ ಸಡಿಲಾಗಲು ಜಾಗ ಸಿಗುತ್ತದೆ. ಕೊಳ್ಳುವುದಾದರೆ ಇದನ್ನೇ ಕೊಳ್ಳಬೇಕು.

48 ಇಂಚು ಅಗಲದ ಸಾಮಾನ್ಯ ಮಾದರಿಯಲ್ಲಿ ಎಂಟು ಗಾಲಿ, ಒಂದೊಂದಕ್ಕೆ ನಾಲ್ಕರಂತೆ 32 ಚಮಚ. ಮೇಲೊಂದು ತಗಡಿನ ತಟ್ಟೆ, ಭಾರ ಹೇರುವುದಕ್ಕೆ. ಭಾರ ಹೇರದೆ ಎಳೆದರೆ ಹಲ್ಲು ಒಂದಿಂಚೂ ಇಳಿಯದೆ ಹುಲ್ಲಿನ ಮೇಲೆ ಕುಣಿಯುತ್ತಾ ಹೋಗುತ್ತದೆ. ಗುರಿ ಎರಡೂವರೆಯಿಂದ ಮೂರು ಇಂಚು ಆಳ. ಹಾಸನದ ಯಾವ ಬ್ಲಾಕ್ ಅಂಗಳದಲ್ಲೂ ಸಿಗುವ ನಾಲ್ಕಿಂಚಿನ ಸಾಲಿಡ್ ಸಿಮೆಂಟ್ ಬ್ಲಾಕ್ ಒಂದೊಂದೂ 17-18 ಕಿಲೋ ತೂಗುತ್ತದೆ. ನಾಲ್ಕು ಬ್ಲಾಕ್ ಇಟ್ಟರೆ 70 ಕಿಲೋ ಆಯಿತು. ತಟ್ಟೆ ಎಷ್ಟು ತಾಳುತ್ತದೆಂದು ಕೈಪಿಡಿಯಲ್ಲಿ ನೋಡಿಕೊಂಡು, ಬ್ಲಾಕುಗಳನ್ನು ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಬೇಕು. ಇಳಿಜಾರಿನಲ್ಲಿ ಜಾರಿದ ಬ್ಲಾಕ್ ಬೀಳುವುದು ಹೆಚ್ಚಾಗಿ ಚಮಚಗಳ ಮೇಲೆಯೇ. ಮರಳು ಚೀಲ ಇಡುವವರೂ ಇದ್ದಾರೆ. ನೆನೆದರೆ ಅದರ ತೂಕ ಬದಲಾಗುತ್ತದೆ, ಚೀಲ ಹರಿಯುತ್ತದೆ. ಬ್ಲಾಕೇ ವಾಸಿ.

ಕಟ್ಟುವ ಜಾಗ ಮೋವರಿನ ಹಿಂದಿನ ಹಿಚ್ ತಗಡು, ಅಂದರೆ ಪಿನ್ ಹಾಕಿ ಸಾಮಾನು ಎಳೆಯುವ ತಗಡು. ಅದರಲ್ಲಿ ತೂತು ಇಲ್ಲದಿದ್ದರೆ ಅಥವಾ ತಗಡು ತೆಳುವಾಗಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ 6 ಮಿಲಿಮೀಟರಿನ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿಯೊಂದನ್ನು ಹಾಕಿಸಬಹುದು. ಪಟ್ಟಿಯನ್ನು ಚಾಸಿಸ್ಸಿಗೆ ಬೋಲ್ಟ್ ಹಾಕಿಯೇ ಕೂರಿಸಬೇಕು. ಗೇರ್‌ಬಾಕ್ಸಿನ ಹತ್ತಿರ ವೆಲ್ಡಿಂಗ್ ಕಿಡಿ ಬೀಳಬಾರದು, ವೆಲ್ಡ್ ಮಾಡುವುದೇ ಆದರೆ ಬ್ಯಾಟರಿಯ ತಂತಿ ಬಿಚ್ಚಿರಬೇಕು. ಎಳೆಯುವ ಬಿಂದು ಹಿಂದಿನ ಆಕ್ಸಲ್‌ಗಿಂತ ಕೆಳಗೇ ಇರಲಿ. ಎಳೆತ ಆಕ್ಸಲ್‌ಗಿಂತ ಮೇಲೆ ಬಿದ್ದರೆ, ಹಲ್ಲು ಬೇರಿಗೋ ಕಲ್ಲಿಗೋ ಸಿಕ್ಕಿದ ಕ್ಷಣ ಮೋವರಿನ ಮೂತಿ ಎದ್ದುಬಿಡುತ್ತದೆ. ಪಿನ್ ಹಾಕಿದ ಮೇಲೆ ಅದು ಜಾರದಂತೆ ಹಿಡಿಯುವ ಆರ್ ಕ್ಲಿಪ್ ಮರೆಯಬೇಡಿ. ಕಟ್ಟಿಯಾದ ಮೇಲೆ ಪಕ್ಕದಿಂದ ನೋಡಿದರೆ ಏರೇಟರಿನ ತಟ್ಟೆ ನೆಲಕ್ಕೆ ಸಮನಾಗಿ ಕಾಣಬೇಕು. ಅದರ ಮೂತಿ ಮೇಲಾದರೆ ಹಲ್ಲು ಓರೆಯಾಗಿ ಇಳಿದು, ಬೆಣೆ ಕೀಳುವ ಬದಲು ಹುಲ್ಲನ್ನು ಸೀಳುತ್ತದೆ.

ದುಬಾರಿ ತಪ್ಪು ನಡೆಯುವುದು ಗೇರ್‌ಬಾಕ್ಸಿನಲ್ಲಿ. ಬಹುತೇಕ ರೈಡಿಂಗ್ ಮೋವರುಗಳಲ್ಲಿ ಈಗ ಇರುವುದು ಹೈಡ್ರೋಸ್ಟ್ಯಾಟಿಕ್ ಡ್ರೈವ್. ಪಂಪು ಆಯಿಲನ್ನು ಒತ್ತುತ್ತದೆ, ಆ ಒತ್ತಡ ಮೋಟರನ್ನು ತಿರುಗಿಸುತ್ತದೆ. ಭಾರ ಎಳೆದಷ್ಟೂ ಆಯಿಲ್ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ತೆಳುವಾಗುತ್ತದೆ, ತೆಳುವಾದ ಆಯಿಲ್ ಒಳಗಿನ ಸಂದುಗಳಲ್ಲಿ ಸೋರಿ ಎಳೆತ ಕಳೆದುಕೊಳ್ಳುತ್ತದೆ. ಮುಕ್ಕಾಲು ಗಂಟೆ ಚೆನ್ನಾಗಿ ನಡೆದ ಗಾಡಿ ಏರಿನಲ್ಲಿ ಪೆಡಲ್ ಒತ್ತಿದರೂ ತೆವಳತೊಡಗಿದರೆ ಕಾರಣ ಇದೇ. ಆಗ ಜೋರು ಮಾಡಬಾರದು. ನಿಲ್ಲಿಸಿ, ಆರಲು ಬಿಡಬೇಕು. ಗೇರ್‌ಬಾಕ್ಸಿನ ಮೇಲೊಂದು ಪುಟ್ಟ ಫ್ಯಾನ್ ಇರುತ್ತದೆ. ಕತ್ತರಿಸಿದ ಹುಲ್ಲಿನ ಹೊಟ್ಟು ಅದರ ಸುತ್ತ ಚಾಪೆಯ ಹಾಗೆ ಕೂತಿರುತ್ತದೆ. ಕೆಲಸಕ್ಕೆ ಮುಂಚೆ ಬ್ರಷ್ಷಿನಿಂದ ತೆಗೆಯಿರಿ. ಇನ್ನೊಂದು ವಿಷಯ ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ: ಎಂಜಿನ್ನಿನ ಥ್ರಾಟಲ್ ಪೂರ್ತಿ ಇಟ್ಟು, ವೇಗವನ್ನು ಪೆಡಲಿನಲ್ಲಿ ಕಡಿಮೆ ಮಾಡಬೇಕು. ಡೀಸೆಲ್ ಉಳಿಸುವ ಟ್ರ್ಯಾಕ್ಟರ್ ಅಭ್ಯಾಸದಲ್ಲಿ ಥ್ರಾಟಲ್ ಇಳಿಸಿದರೆ ತಂಪು ಮಾಡುವ ಫ್ಯಾನೂ ನಿಧಾನವಾಗುತ್ತದೆ.

ಇಳಿಜಾರಿನ ಮಾತು ಮಲೆನಾಡಿನಲ್ಲಿ ಬಿಡುವಂತಿಲ್ಲ. ಹಿಂದೆ ಏನೂ ಇಲ್ಲದಾಗ ಕೈಪಿಡಿಗಳು ಸಾಮಾನ್ಯವಾಗಿ ಕೊಡುವ ಮಿತಿ 15 ಡಿಗ್ರಿ. ನೂರು ಕಿಲೋ ಹಿಂದೆ ಕಟ್ಟಿಕೊಂಡಾಗ 10 ಡಿಗ್ರಿ ದಾಟಬೇಡಿ, ಅಂದರೆ ಹತ್ತು ಅಡಿ ನಡೆದರೆ ಒಂದೂ ಮುಕ್ಕಾಲು ಅಡಿ ಏರು. ಇಳಿಯುವಾಗ ಹಿಂದಿನ ಭಾರ ಮುಂದಕ್ಕೆ ತಳ್ಳುತ್ತದೆ, ಬ್ರೇಕು ಇರುವುದೋ ಹಿಂದಿನ ಗಾಲಿಗಳಿಗೆ ಮಾತ್ರ. ಒದ್ದೆ ಹುಲ್ಲಾದರೆ ಗಾಲಿ ನಿಂತರೂ ಗಾಡಿ ನಿಲ್ಲುವುದಿಲ್ಲ.

ಯಾವಾಗ ಮಾಡಬೇಕು? ಗರಿಕೆ ಜಾತಿಯ ಹುಲ್ಲು, ಮೆಕ್ಸಿಕನ್ ಹುಲ್ಲು ಬೆಳೆಯುವ ಹುರುಪಿನಲ್ಲಿರುವಾಗ. ರೋಹಿಣಿ ಮಳೆ ಬಿದ್ದು ನೆಲ ಒಳಗಿನವರೆಗೆ ನೆಂದ ಮೇಲೆ, ಆರಿದ್ರೆ ಹಿಡಿಯುವ ಮುಂಚೆ ಒಮ್ಮೆ. ಮಳೆ ತಗ್ಗಿ ಬಿಸಿಲು ಬೀಳುವ ಉತ್ತರೆ, ಹಸ್ತದ ಹೊತ್ತಿಗೆ ಇನ್ನೊಮ್ಮೆ. ಕಡೂರು, ಅರಸೀಕೆರೆಯ ಬಯಲು ಸೀಮೆಯಲ್ಲಿ ಮಳೆ ಕೈಕೊಟ್ಟರೆ ಹಿಂದಿನ ದಿನ ಚೆನ್ನಾಗಿ ನೀರು ಹಾಯಿಸಬೇಕು. ಪರೀಕ್ಷೆ ಸುಲಭ. ಉದ್ದನೆಯ ಸ್ಕ್ರೂಡ್ರೈವರನ್ನು ಅಂಗೈಯಿಂದ ಒತ್ತಿ, ಮೂರಿಂಚು ಇಳಿಯಬೇಕು. ತೆಗೆದಾಗ ಮಣ್ಣು ಮೆತ್ತಿಕೊಂಡು ಬಂದರೆ ಅತಿ ಒದ್ದೆ, ಎರಡು ದಿನ ಬಿಡಿ.

ಅತಿ ಒದ್ದೆಯಲ್ಲಿ ಎಳೆದರೆ ಏನಾಗುತ್ತದೆಂದು ಒಂದು ಚಮಚ ನೋಡಿದರೆ ತಿಳಿಯುತ್ತದೆ. ಬೆಣೆ ಹೊರಗೆ ಬೀಳದೆ ಒಳಗೇ ಗಿಡಿದು, ಮುಂದಿನ ಸುತ್ತಿನಲ್ಲಿ ಆ ಚಮಚ ಬರೀ ಮೊಳೆಯಾಗಿಬಿಟ್ಟಿರುತ್ತದೆ. ತೂತಿನ ಒಳಗೋಡೆ ಕುಂಬಾರ ಸವರಿದ ಮಡಕೆಯ ಹಾಗೆ ನುಣ್ಣಗೆ ಹೊಳೆಯುತ್ತದೆ. ಅದರ ಮೂಲಕ ನೀರೂ ಇಳಿಯದು, ಬೇರೂ ನುಗ್ಗದು. ಸರಿಯಾದ ಹದದಲ್ಲಿ ಬಿದ್ದ ಬೆಣೆ ಬೇರೆಯೇ. ಕೈಗೆತ್ತಿಕೊಂಡು ಮುರಿದು ನೋಡಿ. ಮೇಲೆ ಒಣಹುಲ್ಲಿನ ಕಂದು ಪದರ, ಅದರಡಿ ಬೇರಿನ ಕಪ್ಪು ಮಣ್ಣು, ಆಮೇಲೆ ಒಮ್ಮೆಗೇ ಬೇರೇ ಇಲ್ಲದ ಕೆಂಪು. ಬೇರು ಎಲ್ಲಿ ನಿಂತಿದೆಯೋ ಅಲ್ಲಿಗೆ ಗಟ್ಟಿ ಪದರ ಶುರುವಾಗಿದೆ. ಹಲ್ಲು ಅದನ್ನು ದಾಟಿ ಇಳಿದಿದ್ದರೆ ಮಾತ್ರ ಕೆಲಸ ಆಯಿತು. ಇಲ್ಲದಿದ್ದರೆ ಇನ್ನೊಂದು ಬ್ಲಾಕ್ ಇಡಬೇಕು, ತಟ್ಟೆ ತಾಳುವುದಾದರೆ.

ಓಡಿಸುವಾಗ ಮೋವರಿನ ಬ್ಲೇಡು ಬಂದ್, ಬ್ಲೇಡಿರುವ ಡೆಕ್ ಪೂರ್ತಿ ಮೇಲೆ. ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್, ನಡಿಗೆಯಷ್ಟು. ತಿರುವಿನಲ್ಲಿ ಹಲ್ಲು ಎತ್ತಲೇಬೇಕು. ಇಳಿಸಿಕೊಂಡೇ ತಿರುಗಿಸಿದರೆ ಹುಲ್ಲು ಜಮಖಾನದಂತೆ ಸುಲಿದು ಬರುತ್ತದೆ, ಚಮಚವೂ ಸೊಟ್ಟಗಾಗುತ್ತದೆ. ಸ್ಪ್ರಿಂಕ್ಲರಿನ ತಲೆ, ನೀರಿನ ಪೈಪು, ದೀಪದ ಕೇಬಲ್, ಸಿಲ್ವರ್ ಓಕಿನ ಮೇಲ್ಬೇರು ಇರುವಲ್ಲೆಲ್ಲ ಮೊದಲೇ ಕೋಲು ನೆಟ್ಟಿರಿ. ಒಂದು ಸುತ್ತಿಗೆ ಚದರ ಮೀಟರಿಗೆ ಬೀಳುವುದು ಸುಮಾರು 30ರಿಂದ 35 ತೂತು. ಮುಕ್ಕಾಲು ಇಂಚಿನವೇ ಎಂದುಕೊಂಡರೂ ತೆರೆದ ನೆಲ ನೂರರಲ್ಲಿ ಒಂದು ಪಾಲು ಮಾತ್ರ! ಕಾರು ನಿಲ್ಲಿಸುವ ಜಾಗಕ್ಕೆ ಒಂದು ಸುತ್ತು ಸಾಕು ಎನ್ನುವವರು ಈ ಲೆಕ್ಕ ಮಾಡಿರುವುದಿಲ್ಲ. ಅಲ್ಲಿಗೆ ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಮೂರು ಸುತ್ತು ಬೇಕು. ಬಿದ್ದ ಬೆಣೆಗಳನ್ನು ಗುಡಿಸಿ ಎಸೆಯಬೇಡಿ. ಒಣಗಿದ ಮೇಲೆ ಚೈನ್ ಲಿಂಕ್ ಬೇಲಿಯ ತುಂಡೊಂದನ್ನು ಹಿಂದೆ ಕಟ್ಟಿ ಎಳೆದರೆ ಪುಡಿಯಾಗಿ ಹುಲ್ಲಿನೊಳಗೆ ಇಳಿಯುತ್ತವೆ. ಅದಕ್ಕೂ ಮೊದಲೇ ಹುಲ್ಲು ಕತ್ತರಿಸಲು ಹೊರಟರೆ ಬ್ಲೇಡು ಮೊಂಡಾಗುತ್ತದೆ.

ಇನ್ನು ಎರಚುವುದು. ತೂತು ತೆರೆದಿರುವಾಗಲೇ ಎರಚಬೇಕು, ಅದೂ ಮುಖ್ಯವಾಗಿ ಸುಣ್ಣ ಮತ್ತು ರಂಜಕಕ್ಕಾಗಿ. ಯೂರಿಯಾ ನೀರಿನ ಜೊತೆ ತಾನಾಗಿ ಇಳಿಯುತ್ತದೆ. ಸುಣ್ಣ ಹಾಗಲ್ಲ, ಹಾಕಿದಲ್ಲೇ ಕೂರುತ್ತದೆ. ರಂಜಕವನ್ನು ಕೆಂಪು ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಮೂರಿಂಚಿನ ತೂತು ಇವೆರಡಕ್ಕೂ ನೇರ ದಾರಿ. ಮಳೆಗೆ ಸುಣ್ಣಾಂಶ ತೊಳೆದುಹೋದ ಮಲೆನಾಡಿನ ಮಣ್ಣು ಹುಳಿ. ಎಷ್ಟು ಹುಳಿ ಎಂದು ಮೂಡಿಗೆರೆಯ ಅಥವಾ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟೇ ಕೃಷಿ ಸುಣ್ಣ ಅಥವಾ ಡಾಲಮೈಟ್ ಹಾಕಬೇಕು. ಹೆಚ್ಚು ಬೇಕಾದರೂ ಒಂದು ಸಲಕ್ಕೆ ಗುಂಟೆಗೆ 20 ಕಿಲೋ ದಾಟದಂತೆ ಕಂತು ಮಾಡಿ. ಸುಟ್ಟ ಸುಣ್ಣ ಬೇಡ, ಹುಲ್ಲು ಬೆಂದುಹೋಗುತ್ತದೆ. ಸುಣ್ಣ ಹಾಕಿದ ಕೂಡಲೇ ಯೂರಿಯಾ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ನಡುವೆ ಮೂರು ನಾಲ್ಕು ವಾರ ಬಿಡಿ.

ಪುಡಿ ಸುಣ್ಣಕ್ಕೆ ಕೆಳಗೆ ನೇರವಾಗಿ ಉದುರಿಸುವ ಡ್ರಾಪ್ ಸ್ಪ್ರೆಡರ್ ಸರಿ. ಹರಳು ಗೊಬ್ಬರಕ್ಕೆ ತಟ್ಟೆ ತಿರುಗಿಸಿ ಎರಚುವ ಮಾದರಿ. ಇದರ ತಟ್ಟೆಯನ್ನು ತಿರುಗಿಸುವುದು ಅದರದೇ ಗಾಲಿ. ಆದ್ದರಿಂದ ಬೇಗ ಓಡಿಸಿದರೆ ಹರಳು ದೂರ ಹಾರುತ್ತದೆ. ಗೊಬ್ಬರ ತುಂಬುವ ಹಾಪರಿನ ಬಾಗಿಲಿನಿಂದ ಬೀಳುವ ಪ್ರಮಾಣ ಮಾತ್ರ ಗಂಟೆಯ ಲೆಕ್ಕದಲ್ಲಿ ಅಷ್ಟೇ ಇರುತ್ತದೆ, ಹಾಗಾಗಿ ನೆಲಕ್ಕೆ ಸಿಗುವುದು ತೆಳುವಾಗುತ್ತದೆ. ಬಾಗಿಲ ಮೇಲೆ ಕೊರೆದ ಅಂಕಿಗಳನ್ನು ನಂಬುವಂತಿಲ್ಲ, ಹರಳಿನ ಗಾತ್ರ ಚೀಲದಿಂದ ಚೀಲಕ್ಕೆ ಬೇರೆ.

ಅಳತೆ ನಮ್ಮ ಗುಂಟೆಯಲ್ಲಿ ಸಲೀಸು. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಮೊದಲು ಅಡ್ಡಸಾಲಿನಲ್ಲಿ ಅರ್ಧರ್ಧ ಮೀಟರಿಗೊಂದು ಒಂದೇ ಅಳತೆಯ ಒಂಬತ್ತು ಟ್ರೇ ಇಟ್ಟು, ಗಾಲಿಯ ದಾರಿ ಬಿಟ್ಟು, ಮೇಲೆ ಹಾದು ಹೋಗಿ. ನಡುವಿನ ಟ್ರೇಗೆ ಬಿದ್ದದ್ದರ ಅರ್ಧದಷ್ಟು ಎರಡೂ ಕಡೆ ಎಲ್ಲಿ ಬಿದ್ದಿದೆಯೋ, ಆ ಎರಡರ ನಡುವಿನ ದೂರವೇ ಕೆಲಸದ ಅಗಲ. ಅದು 3 ಮೀಟರ್ ಬಂತು ಎಂದುಕೊಳ್ಳಿ. 33 ಮೀಟರ್ ಓಡಿದರೆ ಒಂದು ಗುಂಟೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಅದಕ್ಕೆ 24 ಸೆಕೆಂಡು. 17:17:17 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇಕಡಾ 17) ಗುಂಟೆಗೆ ಒಂದೂವರೆ ಕಿಲೋ ಹಾಕಿದರೆ ಕಾಲು ಕಿಲೋ ಸಾರಜನಕ ಸಿಗುತ್ತದೆ. ಒಂದು ಸಲಕ್ಕೆ ಅಷ್ಟು ಸಾಕು. ಎಕರೆಗೆ 60 ಕಿಲೋ. ಆದರೆ ಬಾಗಿಲನ್ನು ಒಂದೂವರೆ ಕಿಲೋಗೆ ಇಡಬೇಡಿ, 750 ಗ್ರಾಂಗೆ ಇಟ್ಟು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಓಡಿಸಿ. ಹಾಪರಿಗೆ 10 ಕಿಲೋ ತೂಗಿ ಹಾಕಿ, 33 ಮೀಟರ್ ಓಡಿಸಿ, ಉಳಿದದ್ದನ್ನು ತೂಗಿದರೆ ಎಷ್ಟು ಬಿತ್ತೆಂದು ಗೊತ್ತಾಗುತ್ತದೆ. ಎರಡು ಮೂರು ಸಲ ಬಾಗಿಲು ಹೊಂದಿಸಿದರೆ ಸರಿಹೋಗುತ್ತದೆ. ಬಾಗಿಲು ತೆರೆಯುವುದು ಗಾಡಿ ಚಲಿಸಿದ ಮೇಲೆ, ಮುಚ್ಚುವುದು ನಿಲ್ಲುವ ಮೊದಲು. ನಿಂತಲ್ಲಿ ತೆರೆದಿದ್ದರೆ ಹದಿನೈದು ದಿನದಲ್ಲಿ ಅಲ್ಲೊಂದು ಸುಟ್ಟ ವೃತ್ತ ಕಾಣುತ್ತದೆ.

ಹಣ ಉಳಿಸಲು ಯೂರಿಯಾ, ಡಿಎಪಿ, ಪೊಟ್ಯಾಷ್ ಬೆರೆಸಿ ಹಾಪರಿಗೆ ಸುರಿಯುವುದುಂಟು. ಯೂರಿಯಾ ಹಗುರ, ಪೊಟ್ಯಾಷ್ ಭಾರ. ತಟ್ಟೆಯಿಂದ ಹೊರಟಾಗ ಹಗುರ ಹರಳು ಗಾಳಿಗೆ ಸಿಕ್ಕಿ ಹತ್ತಿರ ಬೀಳುತ್ತದೆ, ಭಾರದ್ದು ದೂರ ಹೋಗುತ್ತದೆ. ಫಲ, ಹುಲ್ಲಿನ ಮೇಲೆ ಹುಲಿಯ ಪಟ್ಟೆ. ಮಳೆಗಾಲದಲ್ಲಿ ಇನ್ನೊಂದು ತೊಡಕು. ಗಾಳಿಯ ತೇವ ಶೇಕಡಾ 75ರ ಆಸುಪಾಸು ದಾಟಿದರೆ ಯೂರಿಯಾ ತಾನೇ ನೀರೆಳೆದು ಹೆಂಟೆಗಟ್ಟುತ್ತದೆ, ಮಲೆನಾಡಿನಲ್ಲಿ ಆಗ ತಿಂಗಳುಗಟ್ಟಲೆ ಅದಕ್ಕಿಂತ ಮೇಲೆಯೇ. ಚೀಲ ಒಡೆದ ದಿನವೇ ಮುಗಿಸಿ, ಹಾಪರಿನ ಬಾಯಿಗೆ ಜರಡಿ ಇಡಿ. ಹುಲ್ಲಿನ ಎಲೆ ಒದ್ದೆ ಇರುವಾಗ ಎರಚಿದರೆ ಹರಳು ಎಲೆಗೆ ಅಂಟಿ ಸುಡುತ್ತದೆ. ಇಬ್ಬನಿ ಆರಲಿ, ಎರಚಿದ ಮೇಲೆ ನೀರು ಕೊಡಿ.

ಸಂಜೆ ಹಾಪರ್ ಖಾಲಿ ಮಾಡಿ, ತೊಳೆದು, ಒಣಗಿಸಿ, ತಟ್ಟೆಯ ಶಾಫ್ಟಿಗೂ ಬಾಗಿಲಿನ ತಂತಿಗೂ ಎಣ್ಣೆ ಬಿಡಬೇಕು. ಒಂದು ರಾತ್ರಿ ಗೊಬ್ಬರ ಉಳಿದರೆ ಕಬ್ಬಿಣ ತಿನ್ನುತ್ತದೆ. ಏರೇಟರಿನ ಬೇರಿಂಗಿಗೆ ಗ್ರೀಸ್. ಸ್ಪ್ರೆಡರಿನ ಗಾಲಿ ತಿರುಗಿದರೂ ಎರಚುವ ತಟ್ಟೆ ತಿರುಗದಿದ್ದರೆ ಮೊದಲು ಆಕ್ಸಲಿನ ಕಾಟರ್ ಪಿನ್ ನೋಡಿ, ಆಮೇಲೆ ಅದರ ಗೇರ್‌ಬಾಕ್ಸ್ ಬಿಚ್ಚಿ.

ಮೂರು ವಾರ ಬಿಟ್ಟು ಹಳೆಯ ತೂತೊಂದರ ಪಕ್ಕ ಕರಣೆಯಿಂದ ಒಂದು ಹೋಳು ಎತ್ತಿ ನೋಡಿ. ಗೋಡೆ ಕುಸಿದು ತೂತು ಅರ್ಧ ಮುಚ್ಚಿರುತ್ತದೆ, ಅದರೊಳಗೆ ದಾರದಷ್ಟು ತೆಳ್ಳಗಿನ ಬಿಳಿ ಬೇರುಗಳು ಗುಂಪಾಗಿ ಕೆಳಗಿಳಿದಿರುತ್ತವೆ. ಬೇರು ಕಾಣದಿದ್ದರೆ ಹಸ್ತ ಮಳೆಯ ಹೊತ್ತಿಗೆ ಇನ್ನೆರಡು ಸುತ್ತು.