ಮಗುವಿನ ಜೀವನಾಂಶ: ಆದೇಶದಿಂದ ವಸೂಲಿವರೆಗಿನ ದೂರ

ಒಂದೇ ಮನೆಯ ಜಗಳಕ್ಕೆ ಕೋರ್ಟಿನಲ್ಲಿ ಮೂರು ಫೈಲು ಇರುವುದು ಈಗ ಅಪರೂಪವಲ್ಲ. ವಿಚ್ಛೇದನದ ಪ್ರಕರಣದಲ್ಲೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಮಗುವಿನ ಖರ್ಚು ಕೇಳಬಹುದು. ಪ್ರತ್ಯೇಕವಾಗಿ ದಂಡ ಪ್ರಕ್ರಿಯಾ ಸಂಹಿತೆಯಡಿ (ಈಗ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕೇಳಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿಯೂ ಕೇಳಬಹುದು. ಇಷ್ಟೆಲ್ಲ ಬಾಗಿಲುಗಳಿದ್ದರೂ ಜೂನ್ ತಿಂಗಳಲ್ಲಿ ಶಾಲೆ ಫೀ ಕಟ್ಟುವಾಗ ಎಷ್ಟೋ ತಾಯಂದಿರು ಸಾಲಕ್ಕೆ ಕೈಚಾಚುತ್ತಾರೆ.

ದಂಡ ಪ್ರಕ್ರಿಯಾ ಸಂಹಿತೆಯ ದಾರಿಯ ಬೇರು ಬ್ರಿಟಿಷರ ಕಾಲದ್ದು. ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದೆಂದು 1898ರ ಸಂಹಿತೆಯಲ್ಲಿದ್ದ 488ನೇ ಕಲಂ, 1973ರಲ್ಲಿ 125ನೇ ಕಲಂ ಆಯಿತು. ತಿಂಗಳಿಗೆ 500 ರೂಪಾಯಿ ಮಿತಿ ಮಾತ್ರ ಹಾಗೇ ಉಳಿಯಿತು. ಆ ಮಿತಿ ಇಡೀ ಕುಟುಂಬಕ್ಕಲ್ಲ, ಅರ್ಜಿದಾರರಲ್ಲಿ ಒಬ್ಬೊಬ್ಬರಿಗೆ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಮಿತಿಯನ್ನೇ ತೆಗೆದದ್ದು 2001ರಲ್ಲಿ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ 125ನೇ ಕಲಂ ಅನ್ವಯಿಸುತ್ತದೆ ಎಂದ ಶಾಬಾನೊ ತೀರ್ಪಿನ ನಂತರ ಮುಸ್ಲಿಂ ಮಹಿಳೆಯರ ಜೀವನಾಂಶದ ಚರ್ಚೆ ಬೇರೆ ದಾರಿ ಹಿಡಿದರೂ, ಮುಸ್ಲಿಂ ಮಕ್ಕಳು 125ನೇ ಕಲಂ ಅಡಿ ತಂದೆಯಿಂದ ಜೀವನಾಂಶ ಪಡೆಯಬಹುದು ಎಂಬುದು 1997ರಲ್ಲೇ ಇತ್ಯರ್ಥವಾಯಿತು. 2024ರ ಜುಲೈ 1ರಿಂದ ಅದೇ ಕಲಂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ನಂಬರು ಬದಲಾಯಿತು, ಹೂರಣ ಬಹುಪಾಲು ಅದೇ.

2001ರ ತಿದ್ದುಪಡಿ ಇನ್ನೊಂದು ಆಸೆ ಹುಟ್ಟಿಸಿತ್ತು. ಮಧ್ಯಂತರ ಜೀವನಾಂಶದ, ಅಂದರೆ ಪ್ರಕರಣ ಮುಗಿಯುವವರೆಗೆ ಸಿಗಬೇಕಾದ ಹಣದ, ಅರ್ಜಿಯನ್ನು ಸಾಧ್ಯವಾದಷ್ಟೂ 60 ದಿನದೊಳಗೆ ತೀರ್ಮಾನಿಸಬೇಕು ಎಂದಿತು. ಆದರೆ ಆ 60 ದಿನ ಶುರುವಾಗುವುದು ಅರ್ಜಿ ಹಾಕಿದ ದಿನದಿಂದಲ್ಲ, ಎದುರುದಾರರಿಗೆ ನೋಟಿಸು ಮುಟ್ಟಿದ ದಿನದಿಂದ. ಮನೆ ಬದಲಾಯಿಸಿದ್ದಾರೆ, ಊರಲ್ಲಿ ಇಲ್ಲ ಎಂಬ ಷರಾದೊಂದಿಗೆ ನೋಟಿಸು ವಾಪಸಾದರೆ ಮತ್ತೊಂದು ವಾಯಿದೆ. ಅದು ಮುಟ್ಟಿದ ಮೇಲೆ ವಕಾಲತ್ತು ಹಾಕಲು ಒಂದು, ಆಕ್ಷೇಪಣೆ ಸಲ್ಲಿಸಲು ಇನ್ನೊಂದು. ಅಷ್ಟರಲ್ಲಿ ಮಗು ಮುಂದಿನ ತರಗತಿಗೆ ಹೋಗಿರುತ್ತದೆ.

ಮೊತ್ತದ ವಿಷಯಕ್ಕೆ ಬಂದರೆ, 'ಸಂಬಳದ ಶೇ 25 ಸಿಗುತ್ತೆ' ಎಂಬ ಮಾತು ಕೋರ್ಟ್ ಕಾರಿಡಾರುಗಳಲ್ಲಿ ಚಾಲ್ತಿಯಲ್ಲಿದೆ. 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಗೆ ಅಷ್ಟು ಕೊಡುವುದು ನ್ಯಾಯವೆನಿಸುತ್ತದೆ ಎಂದದ್ದರಿಂದ ಅದು ಹಬ್ಬಿತು. ಮಗುವಿಗೆ ಇಷ್ಟೇ ಎಂಬ ಲೆಕ್ಕಪಟ್ಟಿ ನಮ್ಮಲ್ಲಿಲ್ಲ. ಫೀ ರಸೀದಿ, ಟ್ಯೂಷನ್, ಔಷಧ, ಮನೆಬಾಡಿಗೆ ನೋಡಿ ನ್ಯಾಯಾಧೀಶರು ನಿರ್ಧರಿಸುತ್ತಾರೆ. ತಂದೆಯ ನಿಜವಾದ ಆದಾಯ ಗೊತ್ತಾಗುವುದೇ ಕಷ್ಟ. ಸರ್ಕಾರಿ ನೌಕರನದ್ದಾದರೆ ಸಂಬಳದ ಚೀಟಿ ಸಿಗುತ್ತದೆ. ಅಂಗಡಿ, ಗುತ್ತಿಗೆ, ತೋಟ ನಂಬಿದವರದ್ದು ಊಹೆಯ ಮೇಲೆಯೇ ನಿಲ್ಲುತ್ತದೆ.

ಈ ಗಂಟನ್ನು ಬಿಡಿಸಲು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ರಜನೀಶ್–ನೇಹಾ ಪ್ರಕರಣದಲ್ಲಿ ಗಟ್ಟಿ ಪ್ರಯತ್ನ ಮಾಡಿತು. ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚುಗಳ ವಿವರವನ್ನು ನಿಗದಿತ ನಮೂನೆಯ ಅಫಿಡವಿಟ್‌ನಲ್ಲಿ ಕೊಡಬೇಕು. ಬೇರೆ ಕೋರ್ಟಿನಲ್ಲಿ ಆಗಲೇ ಜೀವನಾಂಶ ಸಿಕ್ಕಿದ್ದರೆ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೀವನಾಂಶ ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ವಿಳಂಬದ ಲಾಭ ಕೊಡಬೇಕಾದವರಿಗೆ ಆಗಬಾರದು ಎಂಬ ನ್ಯಾಯ ಇದರಲ್ಲಿದೆ. ಆದರೂ 2023ರಲ್ಲಿ ಈ ಸೂಚನೆಗಳು ಸರಿಯಾಗಿ ಪಾಲನೆಯಾಗುತ್ತಿಲ್ಲ ಎಂದು ಅದೇ ಕೋರ್ಟ್ ನೆನಪಿಸಬೇಕಾಯಿತು. ಅದೂ ಒಂದು ಮಗುವಿನ ಜೀವನಾಂಶದ ಪ್ರಕರಣದಲ್ಲೇ.

ಆದೇಶ ಕೈಗೆ ಬಂದ ಮೇಲೆ ಎರಡನೇ ಯುದ್ಧ ಶುರು. ಹಣ ಬರದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶ ಜಾರಿ ಮಾಡಿಸಿ ಎಂಬ ಅರ್ಜಿ, ಹಾಕಬೇಕು. ಯಾವ ತಿಂಗಳು ಎಷ್ಟು ಬಂತು, ಎಷ್ಟು ಬಾಕಿ ಎಂದು ಪಟ್ಟಿ ಮಾಡಬೇಕು. ವಾರಂಟ್ ಬೇಕಿದ್ದರೆ, ಹಣ ಸಲ್ಲಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ಕೇಳಬೇಕು. ಪಟ್ಟಿ ಬರೆಯುವುದೂ ತಾಯಿ, ಗಂಡನ ಈಗಿನ ವಿಳಾಸ ಹುಡುಕುವುದೂ ತಾಯಿ, ಕೂಲಿ ಬಿಟ್ಟು ವಾಯಿದೆಗೆ ಬರುವುದೂ ತಾಯಿ. ಬ್ರಿಟನ್ನಿನಲ್ಲಿ ಮಗುವಿನ ಹಣವನ್ನು ತಂದೆ ಅಥವಾ ತಾಯಿಯ ಸಂಬಳದಿಂದಲೇ ಕಡಿತ ಮಾಡಿಸುವ ಸರ್ಕಾರಿ ಸಂಸ್ಥೆಯಿದೆ. ನಮ್ಮಲ್ಲಿ ಅಂಥ ವ್ಯವಸ್ಥೆ ಬಂದಿಲ್ಲ, ಬರಬೇಕಿತ್ತು.

ಬಾಕಿ ಉಳಿಸಿದವರನ್ನು ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಎಂದು 1988ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೆ ಜೈಲಿನಲ್ಲಿದ್ದವರು ದುಡಿದು ಕೊಡಲಾರರಲ್ಲ! ಸಂಬಳ ಜಪ್ತಿ ಇದಕ್ಕಿಂತ ಉಪಯೋಗದ ದಾರಿ: ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗವನ್ನು ಬಿಟ್ಟು ಉಳಿದದ್ದಕ್ಕೆ ಕೈಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆ ಅವಕಾಶ ಕೊಡುತ್ತದೆ.

ಇನ್ನೊಂದು ಗೋಜಲು ಭೇಟಿಯದ್ದು. 'ಮಗುವನ್ನು ತೋರಿಸಲ್ಲ ಅಂದ್ರೆ ದುಡ್ಡು ಕೊಡಲ್ಲ' ಎಂದು ಒಬ್ಬರು, 'ದುಡ್ಡು ಕೊಡದವರಿಗೆ ತೋರಿಸಲ್ಲ' ಎಂದು ಇನ್ನೊಬ್ಬರು. ಮಗುವನ್ನು ನೋಡಲು ಹಂಬಲಿಸುವ ತಂದೆಯ ನೋವು ಸುಳ್ಳಲ್ಲ. ಆದರೆ ಭೇಟಿಗೆ ಬೇರೆ ಅರ್ಜಿಯಿದೆ. ಊಟದ ದುಡ್ಡನ್ನು ಅದಕ್ಕೆ ಒತ್ತೆ ಇಡುವಂತಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲೂ 'ಮಗುವಿಗೆ ಏನೂ ಬೇಡ' ಎಂದು ತಾಯಿ ಸಹಿ ಹಾಕಿದ ಮಾತ್ರಕ್ಕೆ ಮಗುವಿನ ಹಕ್ಕು ಹೋಗುವುದಿಲ್ಲ.

ವಕೀಲರ ಫೀಸಿಗೆ ಹೆದರಿ ಬಾಕಿ ಕೈಬಿಟ್ಟವರು ಬಹಳ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುವ ಪ್ರಾಧಿಕಾರದ ಕಚೇರಿಯಲ್ಲಿ ಅಮಲ್ಜಾರಿ ಅರ್ಜಿಗೂ ಈ ನೆರವು ಕೇಳಬಹುದು.