ಕರಿಬೇವಿನ ಹೆಸರು ಹಡಗಿನಲ್ಲಿ ಹೋಗಿ ಬಂದದ್ದು

ವಾರಕ್ಕೆ ನಾಲ್ಕೈದು ಜನ ಎಲೆಯ ಫೋಟೋ ಕಳಿಸಿ ‘ಸರ್, ಇದು ಯಾವ ಗಿಡ?’ ಅಂತ ಕೇಳುತ್ತಾರೆ. ನಾನು ಪ್ರತಿ ಸಲ ತಿರುಗಿ ಕೇಳುವುದು ಒಂದೇ: ಹೂ ಬಿಟ್ಟಿದೆಯಾ? ಎಲೆಯನ್ನಷ್ಟೇ ನಂಬಿದರೆ ಮೋಸ ಹೋಗುವುದೇ ಜಾಸ್ತಿ.

ದೂರದಲ್ಲಿ ಕೂತು ಗಿಡ ಗುರುತಿಸುವ ಈ ಕೆಲಸ 250 ವರ್ಷದ ಹಿಂದೆ ಕಾಗದದ ಮೇಲೆ ನಡೆಯುತ್ತಿತ್ತು. ನಮ್ಮ ಕರಿಬೇವನ್ನೇ ನೋಡಿ. ಒಣಗಿಸಿದ ಗಿಡ ಅಂಟಿಸಿಡುವ ಹರ್ಬೇರಿಯಂ ಹಾಳೆಯಲ್ಲಿ ಅದರ ಹೆಸರು ಮುರ‍್ರಾಯ ಕೋನಿಗಿ. ಕೋನಿಗಿ ಅಂದರೆ ಕೋನಿಗ್ ಅವರದು ಅಂತ. ಸ್ವೀಡನ್ನಿನಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಹತ್ತಿರ ಕಲಿತ ಕೋನಿಗ್, 1768ರಲ್ಲಿ ಡೇನಿಶರ ಕೈಲಿದ್ದ, ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ ಮಿಷನ್ ವೈದ್ಯರಾಗಿ ಬಂದರು, ಸುತ್ತಮುತ್ತ ಅಲೆದು ಗಿಡಗಳನ್ನು ಒಣಗಿಸಿ, ವಿವರ ಬರೆದು ಗುರುಗಳಿಗೆ ಕಳಿಸುತ್ತಾ ಬಂದರು. 1771ರಲ್ಲಿ ಲಿನೇಯಸ್ ಕರಿಬೇವನ್ನು ಬರ್ಗೆರಾ ಕೋನಿಗಿ ಅಂತ ಪ್ರಕಟಿಸಿದರು. ಲಿನೇಯಸ್ ಭಾರತಕ್ಕೆ ಕಾಲಿಟ್ಟವರೇ ಅಲ್ಲ. 1825ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಸ್ಪ್ರೆಂಗೆಲ್ ಅದನ್ನು ಇನ್ನೊಂದು ಕುಲವಾದ ಮುರ‍್ರಾಯಕ್ಕೆ ಸೇರಿಸಿದರು, ಈಚೆಗೆ ಕೆಲವರು ಮತ್ತೆ ಬರ್ಗೆರಾ ಎನ್ನುತ್ತಿದ್ದಾರೆ. ಕೋನಿಗ್ ಹೆಸರು ಮಾತ್ರ ಕದಲಿಲ್ಲ.

ನೋಡದ ಗಿಡವನ್ನು ವಿಂಗಡಿಸುವುದು ಹೇಗೆ ಸಾಧ್ಯವಾಯಿತು? ಲಿನೇಯಸ್ ಪದ್ಧತಿ ನಿಂತಿದ್ದೇ ಹೂವಿನ ಭಾಗಗಳ ಎಣಿಕೆಯ ಮೇಲೆ. ಒಣಗಿದ ಕರಿಬೇವಿನ ಹೂವನ್ನು ಬಿಸಿನೀರಲ್ಲಿ ನೆನೆಸಿ, ಸೂಜಿಯಿಂದ ಎಸಳು ಬಿಡಿಸಿದರೆ ಹತ್ತು ಕೇಸರ (ಹೂವಿನ ಗಂಡು ಭಾಗ) ಕಾಣುತ್ತವೆ, ಒಂದು ಉದ್ದ, ಒಂದು ಗಿಡ್ಡ, ಹೀಗೆ ಸುತ್ತಲೂ. ನಡುವೆ ಒಂದೇ ಶಲಾಕೆ, ಅಂದರೆ ಹೆಣ್ಣು ಭಾಗದ ಕಡ್ಡಿ. ಹತ್ತು ಮತ್ತು ಒಂದು: ಇಷ್ಟನ್ನು ಯಾವ ದೇಶಕ್ಕಾದರೂ ಬರೆದು ಕಳಿಸಬಹುದು, ಅಲ್ವಾ? ಅದೇ ಅದರ ದೊಡ್ಡ ಬಲ. ಆದರೆ ಹತ್ತು ಕೇಸರವಿರುವ ಕಕ್ಕೆಮರವೂ ಅದೇ ಗುಂಪಿಗೆ ಬಂತು. ಒಂದರದು ಉದ್ದನೆಯ ಕೋಡು, ಇನ್ನೊಂದರದು ಪುಟ್ಟ ಕಪ್ಪು ಹಣ್ಣು, ಎರಡಕ್ಕೂ ಹತ್ತಿರದ ನಂಟೇ ಇಲ್ಲ. ಹಾಗಾಗಿಯೇ ಮುಂದೆ ಆ ಪದ್ಧತಿಯನ್ನು ಬಿಡಬೇಕಾಯಿತು.

ಎಣಿಕೆ ಹಡಗು ಹತ್ತಿತು, ಜೀವ ಹತ್ತಲಿಲ್ಲ. ಕರಿಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಯುರೋಪಿನ ದಾರಿಯೋ ತಿಂಗಳುಗಟ್ಟಲೆ. ಇಂಥ ಗಿಡಗಳನ್ನು ಬೆಳೆಸಿ ನೋಡಲು ಇಲ್ಲೇ ತೋಟ ಬೇಕಿತ್ತು. 1785ರಲ್ಲಿ ಕೋನಿಗ್ ತೀರಿಕೊಂಡಾಗ ಅವರ ಹಸ್ತಪ್ರತಿಗಳು ಲಂಡನ್ನಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್‌ಗೆ ಹೋದವು. ಮರುವರ್ಷ ಸೇನಾಧಿಕಾರಿ ರಾಬರ್ಟ್ ಕಿಡ್ ಕಲ್ಕತ್ತದಲ್ಲಿ ತೋಟ ಬೇಕೆಂದು ಈಸ್ಟ್ ಇಂಡಿಯಾ ಕಂಪನಿಗೆ ಬರೆದರು, ಬರಗಾಲದಲ್ಲಿ ಜನರ ಹೊಟ್ಟೆಗೆ ಆಗುವ ಗಿಡ ಬೆಳೆಸಬೇಕು ಅನ್ನೋದು ಅವರ ಒಂದು ಮುಖ್ಯ ಕಾರಣ. 1787ರಲ್ಲಿ ತೋಟ ಶುರುವಾಯಿತು. ಕೋನಿಗ್ ಅವರ ಗೆಳೆಯ, ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ 1793ರಲ್ಲಿ ಅದರ ಹೊಣೆ ಹೊತ್ತು, ಸ್ಥಳೀಯ ಚಿತ್ರಕಾರರಿಂದ ಜೀವಂತ ಗಿಡಗಳ ಚಿತ್ರ ಬರೆಸಿದರು. ಇದೇ ಬಳಗದ ಬೆಂಜಮಿನ್ ಹೇಯ್ನ್ ಟಿಪ್ಪು ನಂತರ ನಮ್ಮ ಲಾಲ್‌ಬಾಗ್ ನೋಡಿಕೊಂಡರು.

ಮುಂದಿನ ಸಲ ನನಗೆ ಫೋಟೋ ಕಳಿಸುವಾಗ ಹೂವನ್ನು ಹತ್ತಿರದಿಂದ ತೆಗೆಯಿರಿ. ಯಾವ ಊರು ಅಂತ ಬರೆಯಿರಿ. ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿ, ವಾಸನೆ ಹೇಗಿತ್ತು ಅಂತ ಒಂದು ಸಾಲು ಸೇರಿಸಿ. ಅದು ಇವತ್ತಿಗೂ ಫೋಟೋದಲ್ಲಿ ಬರುವುದಿಲ್ಲ.