ಕೈ ನಿಂತರೂ ವೇಷ ನಿಲ್ಲುವುದಿಲ್ಲ

ಮಳೆಗಾಲ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ಶುರುವಾದರೆ ಸಾಕು, ಸಿರ್ಸಿಯಲ್ಲಿರುವ ನನ್ನ ರಿಪೇರಿ ಮೇಜಿಗೆ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ: 'ಲೆನ್ಸಿನ ಐಎಸ್ ಕೆಟ್ಟಿದೆ, ಫೋಟೋ ಶೇಕ್ ಆಗುತ್ತಿದೆ.' ಐಎಸ್ ಎಂದರೆ ಇಮೇಜ್ ಸ್ಟೆಬಿಲೈಸರ್, ಕೈ ಅಲುಗಿದರೂ ಚಿತ್ರ ಮಸುಕಾಗದಂತೆ ನೋಡಿಕೊಳ್ಳುವ ಏರ್ಪಾಡು. ಕಳೆದ ಸಲ ಹೊನ್ನಾವರ ಕಡೆಯ ಹುಡುಗನೊಬ್ಬ ಕ್ಯಾನನ್ 24-105 ಎಫ್ 4 ಲೆನ್ಸನ್ನು ಹಾಗೆಯೇ ಹಿಡಿದು ತಂದಿದ್ದ. ಅದನ್ನು ಮಾರಿ 24-70 ಎಫ್ 2.8 ಕೊಳ್ಳಬೇಕೇ ಎಂಬ ಪ್ರಶ್ನೆಯೂ ಅವನ ಜೊತೆಗಿತ್ತು. (ಮೊದಲ ಅಂಕಿಗಳು ಮಿಲಿಮೀಟರಿನಲ್ಲಿ ಜೂಮಿನ ವ್ಯಾಪ್ತಿ, ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ; ಎಫ್ ಅಂಕಿ ಚಿಕ್ಕದಾದಷ್ಟು ಬೆಳಕಿನ ಕಿಂಡಿ ದೊಡ್ಡದು.)

ನಾನು ಲೆನ್ಸ್ ಬಿಚ್ಚುವ ಮೊದಲು ಅವನ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಭಾಗವತರ ಮುಂಡಾಸಿನ ಜರಿ ಎಳೆ ಎಳೆಯಾಗಿ ಕಾಣುತ್ತಿತ್ತು, ಹಿಂದಿನ ಪರದೆಯ ಹೊಲಿಗೆಯೂ ಸ್ಪಷ್ಟವಾಗಿತ್ತು. ಮಂಡಿ ಹಾಕುತ್ತಿದ್ದ, ಅಂದರೆ ಮಂಡಿಯೂರಿ ಗಿರಗಿರನೆ ಸುತ್ತುತ್ತಿದ್ದ ವೇಷಧಾರಿ ಮಾತ್ರ ಕೆಂಪು ಹಳದಿಯ ಒಂದು ಪಟ್ಟೆಯಾಗಿದ್ದ. ಶಟರ್ ವೇಗ 1/30 ಸೆಕೆಂಡು, ಐಎಸ್‌ಒ 800. (ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ; ಏರಿಸಿದಷ್ಟು ಚಿತ್ರ ಕಾಳುಕಾಳಾಗುತ್ತದೆ.) ಐಎಸ್ ಕೆಟ್ಟಿದ್ದರೆ ಪರದೆಯೂ ಮಸುಕಾಗಬೇಕಿತ್ತು. ಆ ಲೆನ್ಸು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು.

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ, ಏಕೆಂದರೆ ಇಲ್ಲಿ ತಪ್ಪು ತಿಳಿದವರು ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಾರೆ. ಐಎಸ್ ಇರುವ ಲೆನ್ಸಿನೊಳಗೆ ನಿಮ್ಮ ಕೈಯ ಅಲುಗಾಟವನ್ನು ಅಳೆಯುವ ಸೆನ್ಸರುಗಳಿವೆ, ಆ ಅಲುಗಾಟಕ್ಕೆ ಎದುರಾಗಿ ಸರಿಯುವ ಗಾಜಿನ ಒಂದು ಗುಂಪಿದೆ. ಅದಕ್ಕೆ ಗೊತ್ತಿರುವುದು ನಿಮ್ಮ ಕೈ ಮಾತ್ರ. ರಂಗಸ್ಥಳದಲ್ಲಿ ಯಾರು ಕುಣಿಯುತ್ತಿದ್ದಾರೆ ಎಂಬುದು ಅದಕ್ಕೆ ತಿಳಿಯದು. ಫೋಟೋದವರ ಲೆಕ್ಕದಲ್ಲಿ ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು. 'ಐಎಸ್ ಮೂರು ಸ್ಟಾಪ್ ಕೊಡುತ್ತದೆ, ಹಾಗಾಗಿ ಎಫ್ 4 ಲೆನ್ಸು ಎಫ್ 2.8ಕ್ಕಿಂತ ಮೇಲು' ಎಂಬ ಲೆಕ್ಕ ನಿಂತ ವಸ್ತುವಿಗೆ ಸಲ್ಲುತ್ತದೆಯೇ ಹೊರತು ಕುಣಿಯುವ ಕಾಲಿಗೆ ಸಲ್ಲುವುದಿಲ್ಲ. ಕ್ಯಾಮೆರಾದ ಬಾಡಿಯೊಳಗಿನ ಸ್ಟೆಬಿಲೈಸರಿಗೂ ಇದೇ ಮಾತು ಅನ್ವಯಿಸುತ್ತದೆ.

ಕುಣಿತವನ್ನು ಹಿಡಿಯುವುದು ಶಟರ್ ವೇಗ, ಶಟರಿಗೆ ಬೇಕಾದದ್ದು ಬೆಳಕು. 70 ಎಂಎಂನಲ್ಲಿ ಎಫ್ 2.8ರ ಕಿಂಡಿ 25 ಮಿಲಿಮೀಟರ್ ಅಗಲ, ಎಫ್ 4ರದ್ದು 17.5, ವಿಸ್ತೀರ್ಣದಲ್ಲಿ ಮೊದಲನೆಯದು ಸುಮಾರು ಎರಡು ಪಟ್ಟು. ಹುಡುಗನ ಫೋಟೋದ ಬೆಳಕಿನಲ್ಲಿ 1/250 ಬೇಕೆಂದರೆ ಎಫ್ 4ರಲ್ಲಿ ಐಎಸ್‌ಒ 6400ಕ್ಕೆ ಏರಬೇಕು, ಎಫ್ 2.8ರಲ್ಲಿ 3200 ಸಾಕು. ವೇಗದ ಮಂಡಿಗೆ 1/250 ಕೂಡ ಸಾಲದಿರಬಹುದು. ಎರಡರ ನಡುವಿನ ವ್ಯತ್ಯಾಸ ಇಷ್ಟೇ, ಒಂದು ಸ್ಟಾಪ್. ನಿಮ್ಮ ಕ್ಯಾಮೆರಾ ಐಎಸ್‌ಒ 6400ರಲ್ಲಿ ನಿಮಗೆ ಒಪ್ಪುವ ಫೋಟೋ ಕೊಡುತ್ತಿದ್ದರೆ ಆ ಒಂದು ಸ್ಟಾಪಿಗಾಗಿ ಸಾಲ ಮಾಡಬೇಡಿ ಎಂದೇ ನಾನು ಹೇಳುವುದು.

105ರ ಉದ್ದವನ್ನೂ ಹಗುರವಾಗಿ ಕಾಣಬಾರದು. ಇಲ್ಲಿಯ ಮದುವೆ ಫೋಟೋಗ್ರಾಫರ್ ಒಬ್ಬರು, ನನಗೆ ಬಹಳ ಬೇಕಾದವರು, 24-70 ತಂದ ವಾರವೇ ಧಾರೆಯ ಹೊತ್ತಿನಲ್ಲಿ ನೆಂಟರ ಹಿಂದೆ ಸಿಕ್ಕಿಬಿದ್ದು, ನೀರೆರೆಯುವ ಕೈಗಳನ್ನು ಹತ್ತಿರದಿಂದ ತೆಗೆಯಲಾಗಲಿಲ್ಲವೆಂದು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಅವರಿಗೆ ನಾನು ಹೇಳಿದ್ದು: 70ರಲ್ಲಿ ತೆಗೆದದ್ದನ್ನು 105ರಷ್ಟು ಹತ್ತಿರವಾಗಿ ಕತ್ತರಿಸಿದರೆ 24 ಮೆಗಾಪಿಕ್ಸೆಲಿನಲ್ಲಿ ಸುಮಾರು 10.7 ಉಳಿಯುತ್ತದೆ. ಆಲ್ಬಮಿನ ಒಂದು ಪುಟಕ್ಕೆ ಸಾಮಾನ್ಯವಾಗಿ ಅಷ್ಟು ಸಾಕಾಗುತ್ತದೆ. ಕುಣಿತದಲ್ಲಿ ಮಸುಕಾದ ಮುಖವನ್ನು ಮಾತ್ರ ಆಮೇಲೆ ಸರಿಪಡಿಸುವುದು ಕಷ್ಟ.

ನಾನು ಹೇಳುತ್ತಿರುವುದು 2005ರ 24-105, 2012ರ 24-70 ಮಾರ್ಕ್ 2, ಕ್ಯಾನನ್ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಈ ಎರಡು ಇಎಫ್ ಲೆನ್ಸುಗಳ ಬಗ್ಗೆ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಕೈಬದಲಾಗುವುದು ಹೆಚ್ಚಾಗಿ ಇವೇ. ಮೊದಲನೆಯದು 670 ಗ್ರಾಂ, ಎರಡನೆಯದು 805 ಗ್ರಾಂ, ಅದರಲ್ಲಿ ಐಎಸ್ ಇಲ್ಲ. ಮಿರರ್‌ಲೆಸ್ ಕ್ಯಾಮೆರಾಗಳಿಗೆಂದು ಬಂದ 2019ರ ಆರ್‌ಎಫ್ 24-70 ಎಫ್ 2.8ರಲ್ಲಿ ಐಎಸ್ ಸೇರಿಕೊಂಡಿದೆ, ತೂಕ 900 ಗ್ರಾಂ. ಯಾವುದನ್ನೇ ಕೊಂಡರೂ ಟಾರ್ಚಿನ ಬೆಳಕು ಹಾಯಿಸಿ ಒಳಗಾಜಿನ ಅಂಚನ್ನು ನೋಡಿ; ಕರಾವಳಿಯ ಎರಡು ಮಳೆಗಾಲ ಬೀರುವಿನಲ್ಲೇ ಕಳೆದ ಲೆನ್ಸಿನಲ್ಲಿ ಜೇಡನ ಎಳೆಯಂಥ ಫಂಗಸ್ ಇರಬಹುದು.

ಹುಡುಗನಿಂದ ನಾನು ಹಣ ಪಡೆಯಲಿಲ್ಲ. ಕಳೆದ ಒಂದು ವರ್ಷದ ಫೋಟೋಗಳನ್ನೆಲ್ಲ ತೆರೆದು, ಮಸುಕಾದವುಗಳಲ್ಲಿ ಪರದೆಯೂ ಮಸುಕಾಗಿದೆಯೇ ಎಂದು ನೋಡಿ ಬರಲು ಹೇಳಿದೆ. ವಾರದ ಮೇಲೆ ಬಂದವನು, ತನ್ನ ಕೆಲಸದಲ್ಲಿ ಹೆಚ್ಚಿನ ಪಾಲು ಮದುವೆ ಮತ್ತು ತಾಳಮದ್ದಳೆ, ಯಕ್ಷಗಾನ ಆಟದ ರಾತ್ರಿಗಳು ನಾಲ್ಕೇ ನಾಲ್ಕು ಎಂದ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕುಳಿತೇ ಮಾತಾಡುತ್ತಾರೆ. ಅಲ್ಲಿ 1/60ಕ್ಕೆ ಇಳಿದರೂ ಬಹುಪಾಲು ನಡೆಯುತ್ತದೆ. ಅವನು 24-105ನ್ನೇ ಇಟ್ಟುಕೊಂಡ.